ಹಿಮದ ಕಡಲಿನಿಂದ ಹೆಂಚಿನ ಊರಿಗೆ

ಮಂಗಳೂರಿನಲ್ಲಿ ಸಮತಟ್ಟಾದ ರಸ್ತೆಯೆಂಬುದು ಅಪರೂಪ. ಕದ್ರಿಯಿಂದ ಬಿಜೈಗೆ, ಬಲ್ಮಠದಿಂದ ಹಂಪನಕಟ್ಟೆಗೆ, ಎಲ್ಲಿಂದ ಎಲ್ಲಿಗೆ ಹೊರಟರೂ ದಾರಿಯಲ್ಲಿ ಒಂದು ಏರು, ಒಂದು ಇಳಿತ ಎದುರಾಗದೆ ಇರದು. ಬೆಳಗಿನ ಆರು ಗಂಟೆಗೆ ಈ ಏರಿಳಿತಗಳಲ್ಲಿ ವಾಯುಸೇವನೆಗೆ ಹೊರಡುವವರ ಪೈಕಿ ಒಂದು ಜೋಡಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಹಗ್ಗದ ಒಂದು ತುದಿಯಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು. ಬ್ಯಾಂಕುಗಳ ತವರೆನಿಸಿದ ಈ ನಾಡಿನಲ್ಲಿ ಅಂಥವರಿಗೆ ಕೊರತೆಯಿಲ್ಲ. ಇನ್ನೊಂದು ತುದಿಯಲ್ಲಿ ಗೋಧಿಬಣ್ಣದ, ಅಗಲ ತಲೆಯ, ಜೋಲುಗಿವಿಯ, 30 ಕಿಲೋ ತೂಕದ ಒಂದು ನಾಯಿ. ಏರಿನಲ್ಲಿ ನಾಯಿ ಯಜಮಾನರನ್ನು ಎಳೆಯುತ್ತದೆ. ಇಳಿತದಲ್ಲಿಯೂ ನಾಯಿಯೇ ಎಳೆಯುತ್ತದೆ. ಯಾರು ಯಾರನ್ನು ತಿರುಗಾಡಿಸಲು ಕರೆತಂದಿದ್ದಾರೆ ಎಂಬ ಪ್ರಶ್ನೆಯನ್ನು ಆ ಹೊತ್ತಿನಲ್ಲಿ ಕೇಳದಿರುವುದೇ ಸೌಜನ್ಯ.

ಒಂದು ಕಾಲದಲ್ಲಿ ಇಲ್ಲಿನ ಮನೆಗಳಲ್ಲಿ ನಾಯಿಯೆಂದರೆ ಊರನಾಯಿಯೇ. ಅದರ ಹೆಸರು ಕಾಳು, ಟೈಗರ್ ಅಥವಾ ಟಾಮಿ. ಅದರ ಸ್ಥಾನ ಅಂಗಳ. ಅದರ ಊಟ ಕುಚ್ಚಲಕ್ಕಿ ಗಂಜಿಯಲ್ಲಿ ಉಳಿದದ್ದು. ಅದರ ಉದ್ಯೋಗ ತೆಂಗಿನಕಾಯಿ ಕಳ್ಳರನ್ನು ಬೊಗಳಿ ಓಡಿಸುವುದು. ಅದು ಚಾವಡಿಯ ಮೆಟ್ಟಿಲು ಹತ್ತಿತೆಂದರೆ ಅಜ್ಜಿಯ ಕೈಯ ಹಿಡಿಸೂಡಿ ಮೇಲೇಳುತ್ತಿತ್ತು. ಲ್ಯಾಬ್ರಡಾರ್ ರಿಟ್ರೀವರ್ ಎಂಬ ಪರದೇಶದ ತಳಿ ಬಂದ ಮೇಲೆ ಈ ವ್ಯವಸ್ಥೆಯೆಲ್ಲ ತಲೆಕೆಳಗಾಯಿತು. ಅಂಗಳದಿಂದ ಜಗಲಿಗೆ, ಜಗಲಿಯಿಂದ ಚಾವಡಿಗೆ, ಚಾವಡಿಯಿಂದ ಸೋಫಾದ ಮೇಲಕ್ಕೆ ಬಡ್ತಿ ಪಡೆಯಲು ಅದಕ್ಕೆ ಒಂದು ಮಳೆಗಾಲ ಸಾಕು. ಹಿಡಿಸೂಡಿ ಹಿಡಿದಿದ್ದ ಅಜ್ಜಿಯೇ ಮರುವರ್ಷ, "ಎಂತ ಮಾರಾಯ, ಅದಕ್ಕೆ ಇನ್ನೂ ಹೊಟ್ಟೆಗೆ ಹಾಕಲಿಲ್ಲವಾ?" ಎಂದು ಮೊಮ್ಮಗನನ್ನು ಗದರಿಸುವುದನ್ನು ಎಷ್ಟೋ ಮನೆಗಳಲ್ಲಿ ಕೇಳಬಹುದು. ಮಡಿಯ ಪ್ರಶ್ನೆ ಎತ್ತಿದವರಿಗೆ ಆಕೆಯ ಬಳಿ ಉತ್ತರವೂ ಸಿದ್ಧವಾಗಿರುತ್ತದೆ. ಕದ್ರಿಯ ಜೋಗಿ ಮಠದಲ್ಲಿ ಕಾಲಭೈರವನ ಸನ್ನಿಧಿಯಿಲ್ಲವೇ? ಭೈರವನ ವಾಹನ ನಾಯಿಯಲ್ಲದೆ ಮತ್ತೇನು?

ಈ ನಾಯಿಯ ಹೆಸರೇ ಒಂದು ತಪ್ಪು ವಿಳಾಸ. ಇದರ ಮೂಲ ಲ್ಯಾಬ್ರಡಾರ್ ಪ್ರಾಂತವಲ್ಲ. ಅದರ ದಕ್ಷಿಣಕ್ಕೆ, ಇಂದಿನ ಕೆನಡಾ ದೇಶದ ಪೂರ್ವದ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮೈಯೊಡ್ಡಿ ನಿಂತ ನ್ಯೂಫೌಂಡ್‌ಲೆಂಡ್ ದ್ವೀಪ. ಅಲ್ಲಿನ ಮೀನುಗಾರರು ಸೇಂಟ್ ಜಾನ್ಸ್ ನಾಯಿ ಎಂದು ಕರೆಯಲ್ಪಡುತ್ತಿದ್ದ ಒಂದು ಬಗೆಯ ಕಪ್ಪು ನಾಯಿಯನ್ನು ದೋಣಿಗಳಲ್ಲಿ ಜೊತೆಗೆ ಒಯ್ಯುತ್ತಿದ್ದರು. ಗಾಳದಿಂದ ಜಾರಿದ ಮೀನನ್ನು ನೀರಿಗೆ ಹಾರಿ ಹಿಡಿದು ತರುವುದು, ಬಲೆಯ ಹಗ್ಗವನ್ನು ಬಾಯಲ್ಲಿ ಕಚ್ಚಿ ದಡಕ್ಕೆ ಈಜಿ ಮುಟ್ಟಿಸುವುದು ಅದರ ಕೆಲಸ. ಉಪ್ಪುಮೀನು ಹೇರಿಕೊಂಡು ಇಂಗ್ಲೆಂಡಿನ ಪೂಲ್ ಬಂದರಿಗೆ ಹೋಗುತ್ತಿದ್ದ ಹಡಗುಗಳಲ್ಲಿ ಈ ನಾಯಿಗಳೂ ಹೋದವು. 19ನೆಯ ಶತಮಾನದಲ್ಲಿ ಅಲ್ಲಿನ ಮಾಮ್ಸ್‌ಬರಿ ಅರ್ಲರ ಮನೆತನದವರು ಇವುಗಳ ಈಜನ್ನು ಕಂಡು ಮೆಚ್ಚಿ, ಹೊಡೆದ ಬಾತುಕೋಳಿಗಳನ್ನು ನೀರಿನಿಂದ ಹೆಕ್ಕಿ ತರಲು ಸಾಕಿಕೊಂಡರು. ಸ್ಕಾಟ್ಲೆಂಡಿನ ಬಕ್ಲೂ ಡ್ಯೂಕರ ಮನೆತನದಲ್ಲಿಯೂ ಇವು ಬೆಳೆದವು. 1880ರ ದಶಕದಲ್ಲಿ ಈ ಎರಡು ಮನೆತನಗಳ ನಾಯಿಗಳು ಕೂಡಿದ ಮೇಲೆ ಇಂದಿನ ತಳಿ ಗಟ್ಟಿಯಾಯಿತು. 1903ರಲ್ಲಿ ಬ್ರಿಟನ್ನಿನ ಕೆನೆಲ್ ಕ್ಲಬ್ ಅದಕ್ಕೆ ಮನ್ನಣೆಯ ಮುದ್ರೆ ಒತ್ತಿತು. ಮೂಲದ ಸೇಂಟ್ ಜಾನ್ಸ್ ನಾಯಿ ಮಾತ್ರ 20ನೆಯ ಶತಮಾನದಲ್ಲಿ ನಿರ್ವಂಶವಾಯಿತು. ಶ್ರೀಮಂತರ ಬಂಗಲೆಗೆ ಹೋದ ಮಕ್ಕಳು ಬದುಕಿದರು. ದೋಣಿಯಲ್ಲೇ ಉಳಿದ ತಾಯಿ ಉಳಿಯಲಿಲ್ಲ.

ಮೀನುಗಾರನ ಆಳಾಗಿ ದುಡಿದ ಗುರುತುಗಳು ಮೊಮ್ಮಕ್ಕಳ ಮೈಮೇಲೆ ಇಂದಿಗೂ ಉಳಿದಿವೆ. ಪಾದದ ಬೆರಳುಗಳ ನಡುವೆ ಬಾತುಕೋಳಿಗಿರುವಂತೆ ಚರ್ಮದ ಪರದೆ. ಬುಡದಲ್ಲಿ ದಪ್ಪವಾಗಿ ತುದಿಗೆ ಸಪೂರವಾಗುವ ಬಾಲ. ನೀರುನಾಯಿಯ ಬಾಲದಂತೆಯೇ ಇದು ಈಜುವಾಗ ಚುಕ್ಕಾಣಿಯಾಗುತ್ತದೆ, ಮನೆಯೊಳಗೆ ಕಾಫಿಯ ಲೋಟಗಳನ್ನು ಉರುಳಿಸುತ್ತದೆ. ಮೈಗೆ ಎರಡು ಪದರದ ರೋಮ: ಹೊರಗಿನದು ಒರಟು, ಎಣ್ಣೆ ಸವರಿದಂತೆ ನೀರು ಜಾರಿಸುವಂಥದು, ಒಳಗಿನದು ಹತ್ತಿಯಂತೆ ಒತ್ತಾಗಿ ಚಳಿ ತಡೆಯುವಂಥದು. ಇವೆಲ್ಲಕ್ಕಿಂತ ಮಿಗಿಲಾದುದು ಅದರ ಬಾಯಿ. ಹಿಡಿದುದನ್ನು ಹರಿಯದೆ, ಗಾಯಗೊಳಿಸದೆ ತಂದೊಪ್ಪಿಸುವ ಮೃದುವಾದ ಬಾಯಿ ಅದು. ಬೆಳಗಿನ ವರ್ತಮಾನಪತ್ರಿಕೆ ಯಜಮಾನರ ಕೈಗೆ ಹರಿಯದೆಯೇ ಬರುತ್ತದೆ. ಒದ್ದೆಯಾಗಿರುತ್ತದೆಂಬುದು ಬೇರೆ ಮಾತು. ನೆರೆಮನೆಯವರ ಚಪ್ಪಲಿಯೂ, ಒಂದೇ ಒಂದು, ಇಷ್ಟೇ ಜೋಪಾನವಾಗಿ ಬರುವುದುಂಟು. ಅದನ್ನು ಕದ್ದ ಮಾಲೆಂದು ನಾಯಿ ಒಪ್ಪುವುದಿಲ್ಲ. ಅದರ ಪಾಲಿಗೆ ಅದು ಕಾಣಿಕೆ.

ಹಾಗಾದರೆ ಮೀನಿನ ಊರಾದ ಮಂಗಳೂರಿಗೆ ಬಂದದ್ದು ಈ ನಾಯಿಗೆ ತವರಿಗೆ ಬಂದಂತೆಯೇ? ಅರ್ಧ ಹೌದು. ದಕ್ಕೆಯಿಂದ ಮೀನು ತರುವವನ ಸ್ಕೂಟರಿನ ಹಾರನ್ನು ರಸ್ತೆಯ ತಿರುವಿನಲ್ಲಿ ಕೇಳಿಸಿದೊಡನೆ ಮೊದಲು ಗೇಟಿಗೆ ತಲುಪುವುದು ಮನೆಯೊಡತಿಯಲ್ಲ, ನಾಯಿ. ಇಂದು ಬಂಗುಡೆಯೋ ಬೂತಾಯಿಯೋ ಎಂಬುದು ಬುಟ್ಟಿಯ ಮುಚ್ಚಳ ತೆಗೆಯುವ ಮುನ್ನವೇ ಅದಕ್ಕೆ ತಿಳಿದಿರುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ಕಾನೂನಿನಂತೆ ದಡ ಸೇರಿದಾಗ ಮೀನಿನ ಬೆಲೆ ಗಗನಕ್ಕೇರುತ್ತದೆ. ಆಗ ಹಾರನ್ನೂ ಅಪರೂಪ. ಗೇಟಿನ ಸರಳುಗಳ ನಡುವೆ ಮೂಗು ತೂರಿಸಿ, ಬಾರದ ಸ್ಕೂಟರಿಗಾಗಿ ಕಾಯುವ ನಾಯಿಯನ್ನು ಆ ದಿನಗಳಲ್ಲಿ ನೋಡಬೇಕು.

ನೀರಿನ ಮಾತಂತೂ ಹೇಳಲೇಬೇಕು. ಸುಲ್ತಾನ್ ಬತ್ತೇರಿಯ ಎದುರಿಗೆ, ಗುರುಪುರ ನದಿಯ ಆಚೆ ದಡದಲ್ಲಿರುವ ತಣ್ಣೀರುಬಾವಿಯ ಮರಳತೀರ ನಾಯಿ ಸಾಕಿದವರಿಗೆ ಪ್ರಿಯವಾದ ಸ್ಥಳ. ಕಾರಿನ ಬಾಗಿಲು ತೆರೆಯುವಷ್ಟೂ ವ್ಯವಧಾನವಿಲ್ಲದೆ ಕುಣಿಯುವ ನಾಯಿ ಮರಳಿಗಿಳಿದೊಡನೆ ಬಾಣದಂತೆ ಅಲೆಯತ್ತ ಓಡುತ್ತದೆ. ಯಾರೂ ಈಜು ಕಲಿಸಿಲ್ಲ. ಹುಟ್ಟಿದ್ದು ಯಾವುದೋ ಮಹಡಿಮನೆಯ ಕೋಣೆಯಲ್ಲಿ. ಆದರೂ ತೆಂಗಿನ ಸಿಪ್ಪೆಯೊಂದನ್ನು ಎಸೆದರೆ ತಲೆ ಮೇಲಿಟ್ಟು, ಬಾಲ ತಿರುಗಿಸುತ್ತ, ನೇರವಾಗಿ ಹೋಗಿ ಕಚ್ಚಿ ತರುತ್ತದೆ. ಹತ್ತು ಬಾರಿ ಎಸೆದರೆ ಹತ್ತು ಬಾರಿಯೂ ತರುತ್ತದೆ. ಎಸೆಯುವವರ ತೋಳು ಸೋಲಬೇಕೇ ಹೊರತು ಅದು ಸೋಲುವುದಿಲ್ಲ. ಬಳಿಕ ಮೈ ಕೊಡವಲು ಅದು ಆರಿಸಿಕೊಳ್ಳುವ ಜಾಗವೆಂದರೆ ಇಸ್ತ್ರಿ ಮಾಡಿದ ಬಟ್ಟೆಯುಟ್ಟವರ ಪಕ್ಕ. ಮಳೆಗಾಲದ ಕಡಲು ಮಾತ್ರ ನಾಯಿಗೂ ಸಲ್ಲದು. ಆ ತಿಂಗಳುಗಳಲ್ಲಿ ದಡದಿಂದ ಸೆಳೆದೊಯ್ಯುವ ನೀರಿಗೆ ನ್ಯೂಫೌಂಡ್‌ಲೆಂಡಿನ ವಂಶಾವಳಿ ಗೊತ್ತಿಲ್ಲ.

ಭಾಷೆಯ ವಿಷಯದಲ್ಲಿ ಮಂಗಳೂರಿನ ಲ್ಯಾಬ್ರಡಾರ್ ತನ್ನ ಜಾತಿಯವರನ್ನೆಲ್ಲ ಮೀರಿಸುತ್ತದೆ ಎನ್ನಬೇಕು. ಯಜಮಾನರು ಪುಸ್ತಕ ನೋಡಿ 'ಸಿಟ್' ಎನ್ನುತ್ತಾರೆ. ತೋಟದ ಕೆಲಸದವನು ತುಳುವಿನಲ್ಲಿ 'ಕುಲ್ಲು' ಎನ್ನುತ್ತಾನೆ. ಪಕ್ಕದ ಮನೆಯ ಕೊಂಕಣಿ ಅಮ್ಮ 'ಬೈಸ' ಎನ್ನುತ್ತಾರೆ. ಶಾಲೆಯಿಂದ ಬಂದ ಮಕ್ಕಳು ಕನ್ನಡದಲ್ಲಿ 'ಕೂತ್ಕೋ' ಎನ್ನುತ್ತಾರೆ. ನಾಲ್ಕಕ್ಕೂ ಅದು ಕುಳಿತುಕೊಳ್ಳುತ್ತದೆ, ಹೇಳಿದವರ ಕೈಯಲ್ಲಿ ಏನಾದರೂ ತಿನ್ನುವ ವಸ್ತುವಿದ್ದರೆ. ಇಲ್ಲದಿದ್ದರೆ ನಾಲ್ಕು ಭಾಷೆಗಳೂ ಅದಕ್ಕೆ ಒಮ್ಮೆಗೇ ಮರೆತುಹೋಗುತ್ತವೆ.

ತಿನ್ನುವ ಮಾತು ಬಂದಿತು. ಲ್ಯಾಬ್ರಡಾರ್ ಸಾಕಿದವರ ಸುಖದುಃಖಗಳಲ್ಲಿ ಮುಕ್ಕಾಲು ಪಾಲು ಈ ಒಂದು ವಿಷಯಕ್ಕೆ ಸೇರಿದುದು. ಏಪ್ರಿಲ್ ತಿಂಗಳಲ್ಲಿ ಮಾಳಿಗೆಯ ಮೇಲೆ ಚಾಪೆ ಹಾಸಿ ಒಣಗಲು ಹರಡಿದ ಹಲಸಿನ ಹಪ್ಪಳಗಳಲ್ಲಿ ಎರಡು ಸಾಲು ಮಾಯವಾದರೆ ಕಾಗೆಯನ್ನು ಬೈಯುವುದು ವ್ಯರ್ಥ. ಹಲಸಿನ ತೊಳೆ, ಮಾವು, ಪೇರಳೆ, ತೆಂಗಿನ ಚೂರು, ನೀರುದೋಸೆ, ಅಕಸ್ಮಾತ್ ಕೆಳಗೆ ಬಿದ್ದ ಗೋಳಿಬಜೆ, ಯಾವುದಕ್ಕೂ ಅದು ಬೇಡವೆನ್ನದು. ಶಾಕಾಹಾರಿ ಮನೆಗಳಲ್ಲಿ ಮೊಸರನ್ನ ತಿಂದೇ ಪುಷ್ಟವಾಗಿ ಬೆಳೆಯುವ ಲ್ಯಾಬ್ರಡಾರುಗಳಿವೆ. ಪಶುವೈದ್ಯರು ಮೊಟ್ಟೆ ಹೇಳಿದರೆಂದು, ಮೂರು ತಲೆಮಾರಿನಲ್ಲಿ ಮೊದಲ ಬಾರಿಗೆ ಮೊಟ್ಟೆಯೊಂದು ಹಿತ್ತಿಲ ಒಲೆಯವರೆಗೆ ಬಂದ ಮನೆಗಳೂ ಇವೆ. ಅಡುಗೆಮನೆಯ ಹೊಸ್ತಿಲು ದಾಟದಿದ್ದರಾಯಿತು ಎಂಬುದು ಅಲ್ಲಿನ ಒಪ್ಪಂದ.

ಇದನ್ನು ಬರಿಯ ಹೊಟ್ಟೆಬಾಕತನವೆಂದು ನಗುವಂತಿಲ್ಲ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದರ ಗುಟ್ಟನ್ನು ನಾಯಿಯ ವಂಶವಾಹಿಯಲ್ಲಿ ಕಂಡುಹಿಡಿದರು. ಊಟವಾದ ಮೇಲೆ 'ಸಾಕು' ಎಂದು ಮೆದುಳಿಗೆ ತಿಳಿಸುವ ವ್ಯವಸ್ಥೆಗೆ ಬೇಕಾದ ಪಿಓಎಂಸಿ ಎಂಬ ವಂಶವಾಹಿಯ ಒಂದು ತುಣುಕು ಲ್ಯಾಬ್ರಡಾರುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಇರುವುದಿಲ್ಲ. ಅಂಥ ನಾಯಿಗೆ ಎರಡು ಊಟಗಳ ನಡುವೆ ಹೆಚ್ಚು ಹಸಿವು. ಅಷ್ಟೇ ಅಲ್ಲ, ಅದು ವಿಶ್ರಾಂತಿಯಲ್ಲಿರುವಾಗ ಉಳಿದವುಗಳಿಗಿಂತ ಕಾಲುಭಾಗ ಕಡಿಮೆ ಶಕ್ತಿಯನ್ನು ವ್ಯಯಿಸುತ್ತದೆಂದು 2024ರಲ್ಲಿ ಅದೇ ಸಂಶೋಧಕರು ತೋರಿಸಿದರು. ಹಸಿವು ಹೆಚ್ಚು, ಖರ್ಚು ಕಡಿಮೆ. ಮೈ ಬೆಳೆಯದೆ ಏನಾದೀತು? ಊಟದ ಮೇಜಿನ ಕೆಳಗಿನಿಂದ ಮೇಲೆ ನೋಡುವ ಆ ಕಣ್ಣುಗಳ ದೈನ್ಯ ನಟನೆಯಲ್ಲ. ಆದರೆ ಆ ಕಣ್ಣುಗಳಿಗೆ ಸೋತು ಒಂದೊಂದೇ ಬಿಸ್ಕತ್ತು ಹಾಕುವ ಕೈ ನಾಯಿಯ ಸೊಂಟದ ಕೀಲಿನ ಮೇಲೆ ಒಂದೊಂದೇ ಕಲ್ಲು ಹೇರುತ್ತಿರುತ್ತದೆ. ಈ ತಳಿಗೆ ಸೊಂಟ ಮತ್ತು ಮೊಣಕೈಯ ಕೀಲುಗಳು ಹುಟ್ಟಿನಿಂದಲೇ ದುರ್ಬಲವಾಗಿರುವುದುಂಟು. ಮಂಗಳೂರಿನ ಅತಿಥಿಸತ್ಕಾರದಿಂದ ಕೆಟ್ಟ ಲ್ಯಾಬ್ರಡಾರುಗಳು ರೋಗದಿಂದ ಕೆಟ್ಟವುಗಳಿಗಿಂತ ಕಡಿಮೆಯೇನಿರಲಾರವು. ನೀರುಳ್ಳಿ, ದ್ರಾಕ್ಷಿ, ಚಾಕೊಲೇಟುಗಳಂತೂ ನಾಯಿಗೆ ನೇರವಾಗಿ ವಿಷ. ಮಾವಿನ ಕಾಲದಲ್ಲಿ ಗೊರಟನ್ನು ಇಡಿಯಾಗಿ ನುಂಗಿ, ಕರುಳಿಗೆ ಅಡ್ಡವಾಗಿ, ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾದ ಅಪಾಯವೂ ಉಂಟು.

ಇನ್ನು, ತವರಲ್ಲದ ಉಳಿದರ್ಧದ ವಿಷಯ. ಹಿಮದ ನೀರಿಗೆಂದು ಹೊಲಿಸಿದ ಅಂಗಿಯನ್ನು ತೊಟ್ಟು ಮಂಗಳೂರಿನ ಏಪ್ರಿಲ್, ಮೇ ತಿಂಗಳುಗಳನ್ನು ಕಳೆಯುವುದು ಸಣ್ಣ ತಪಸ್ಸಲ್ಲ. ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟು, ಬಾಯಿಯ ತೇವವನ್ನು ಆರಿಸಿಕೊಂಡೇ ಅದು ತಂಪಾಗಬೇಕು. ಕಡಲ ತಡಿಯ ಗಾಳಿಯೋ ತಾನೇ ಒದ್ದೆ. ಅದರಲ್ಲಿ ತೇವ ಆರುವುದೆಲ್ಲಿ? ಹೀಗಾಗಿ ಬಿಸಿಲೇರಿದ ಮೇಲೆ ಡಾಮರು ರಸ್ತೆಯಲ್ಲಿ ಓಡಾಡಿಸಿದ ಲ್ಯಾಬ್ರಡಾರ್ ಅರ್ಧ ಗಂಟೆಯಲ್ಲಿ ನೆಲಕ್ಕುರುಳಬಹುದು. ಇದನ್ನು ಬಲ್ಲವರು ಮುಂಜಾವಿನಲ್ಲೇ ತಿರುಗಾಟ ಮುಗಿಸುತ್ತಾರೆ. ಹಳೆಯ ಹೆಂಚಿನ ಮನೆಗಳ ನಾಯಿಗಳು ಈ ವಿಷಯದಲ್ಲಿ ಭಾಗ್ಯಶಾಲಿಗಳು. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದ ಹೆಂಚಿನ ಉದ್ಯಮ ಈ ಊರಿಗೆ ಕೊಟ್ಟ ಎತ್ತರದ ಮಾಡು, ಮುರಕಲ್ಲಿನ ದಪ್ಪ ಗೋಡೆ, ಅದರೊಳಗೆ ಕೆಂಪು ಗಾರೆಯ ನುಣುಪು ನೆಲ. ಮಧ್ಯಾಹ್ನದ ಹೊತ್ತು ಆ ನೆಲದ ಮೇಲೆ ಹೊಟ್ಟೆಯನ್ನು ಪೂರ್ತಿಯಾಗಿ ಒತ್ತಿ, ಹಿಂಗಾಲುಗಳನ್ನು ಕಪ್ಪೆಯಂತೆ ಹಿಂದಕ್ಕೆ ಚಾಚಿ ಮಲಗಿದ ನಾಯಿ ನಡೆದಾಡುವವರಿಗೆ ದಾರಿ ಬಿಡುವುದಿಲ್ಲ. ಮನೆಯವರೇ ದಾಟಿಕೊಂಡು ಹೋಗಬೇಕು. ಇಂದು ಆ ಮನೆಗಳು ಒಂದೊಂದಾಗಿ ಉರುಳಿ ವಸತಿ ಸಮುಚ್ಚಯಗಳು ಏಳುತ್ತಿವೆ. ಒಂಬತ್ತನೆಯ ಅಂತಸ್ತಿನ ನಾಯಿ ಲಿಫ್ಟಿನಲ್ಲಿ ಇಳಿದು ವಾಯುಸೇವನೆಗೆ ಬರುತ್ತದೆ. ಲಿಫ್ಟಿನಲ್ಲಿ ಜೊತೆಯಾದವರ ಚೀಲದಲ್ಲಿ ಮೀನಿದೆಯೇ ಎಂಬುದನ್ನು ನೆಲ ಮುಟ್ಟುವಷ್ಟರಲ್ಲಿ ಪರೀಕ್ಷಿಸಿ ಮುಗಿಸಿರುತ್ತದೆ.

ಬೇಸಗೆ ಕಳೆದರೆ ಮಳೆ. ವರ್ಷಕ್ಕೆ 3500 ಮಿಲಿಮೀಟರಿನಷ್ಟು ಸುರಿಯುವ ಊರು ಇದು. ನಾಯಿಗೆ ಮಳೆಯೆಂದರೆ ಹಬ್ಬ. ಮನೆಯೊಡತಿಗೆ ಬೈರಾಸುಗಳ ಲೆಕ್ಕ. ಒಂದನ್ನು ಒರಸಿ ಒಣಗಿಸುವಷ್ಟರಲ್ಲಿ ಇನ್ನೊಂದು ಒದ್ದೆ, ಆಟಿ ತಿಂಗಳು ಮುಗಿಯುವವರೆಗೆ ಯಾವುದೂ ಒಣಗುವುದಿಲ್ಲ. ಒದ್ದೆ ನಾಯಿಯ ವಾಸನೆಯನ್ನು ಬಲ್ಲವರಿಗೆ ವರ್ಣಿಸಬೇಕಾಗಿಲ್ಲ. ಅರಿಯದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಆದರೆ ಒರಸದೆ ಬಿಡುವಂತಿಲ್ಲ. ಒಳಪದರದ ರೋಮದಲ್ಲಿ ನಿಂತ ತೇವದಿಂದ ಚರ್ಮಕ್ಕೆ ಬೂಷ್ಟು, ಜೋಲುಗಿವಿಯೊಳಗೆ ಸೋಂಕು. ಹುಲ್ಲಿನಲ್ಲಿ ಸುತ್ತಾಡಿ ಬಂದ ಮೈಯಲ್ಲಿ ಉಣ್ಣಿ. ಆ ಉಣ್ಣಿಯಿಂದ ಬರುವ ಜ್ವರ ನಾಯಿಯ ರಕ್ತವನ್ನೇ ಹೀರಿಬಿಡುತ್ತದೆ. ಇಲಿಗಳ ಮೂತ್ರ ಬೆರೆತು ನಿಂತ ನೀರಿನಿಂದ ಇಲಿಜ್ವರ. ಇದು ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಮೊದಲ ಮಳೆಗೆ ಮುನ್ನವೇ ಲಸಿಕೆಗಳನ್ನು ಹಾಕಿಸಿ, ಪ್ರತಿ ಸಂಜೆ ಬೆರಳುಗಳ ಸಂದು, ಕಿವಿಯ ಬುಡ ಹುಡುಕುವವರ ಮನೆಯಲ್ಲಿ ಮಾತ್ರ ಲ್ಯಾಬ್ರಡಾರ್ ಸುಖವಾಗಿ ಆಟಿ ದಾಟುತ್ತದೆ.

ಕಾವಲಿಗೆಂದು ಇದನ್ನು ತಂದವರ ಅವಸ್ಥೆ ಮಾತ್ರ ಹೇಳತೀರದು. ಗೇಟಿನಲ್ಲಿ 'ನಾಯಿ ಇದೆ, ಎಚ್ಚರಿಕೆ' ಎಂಬ ಫಲಕ. ಒಳಗೆ ಬಂದ ಅಪರಿಚಿತನ ಎದುರಿಗೆ ಬಾಲದಿಂದ ಹಿಡಿದು ಸೊಂಟದವರೆಗೆ ಮೈಯೆಲ್ಲ ಅಲ್ಲಾಡಿಸುತ್ತ, ಬಾಯಲ್ಲಿ ಮಗುವಿನ ಕಾಲುಚೀಲವೊಂದನ್ನು ಕಾಣಿಕೆಯಾಗಿ ಹಿಡಿದು ನಿಲ್ಲುವ ನಾಯಿ. ಎರಡು ಬಾರಿ ಗಂಭೀರವಾಗಿ ಬೊಗಳುವುದುಂಟು, ಬಳಿಕ ಸ್ವಾಗತವೇ. ಇದರಿಂದ ಸಿಟ್ಟಾದ ಕೆಲವರು ನಾಯಿಯನ್ನು ಪಾಗಾರದ ಮೂಲೆಯ ಕಬ್ಬಿಣದ ಗೂಡಿನಲ್ಲಿ ಕೂಡಿಹಾಕಿ, 'ಹಗಲೆಲ್ಲ ಕಟ್ಟಿದರೆ ಕ್ರೂರವಾಗುತ್ತದೆ' ಎಂಬ ಹಳೆಯ ನಂಬಿಕೆಯನ್ನು ಪ್ರಯೋಗಿಸುತ್ತಾರೆ. ನಾಯಿ ಕ್ರೂರವಾಗುವುದಿಲ್ಲ. ದೋಣಿಯಲ್ಲಿ ಮೀನುಗಾರನ ಕಾಲ ಬುಡದಲ್ಲಿ ಕುಳಿತು ಅವನ ಮುಖ ನೋಡುತ್ತ ಕೆಲಸ ಮಾಡಿದ ವಂಶದ್ದು ಅದು. ಮನುಷ್ಯನ ಸಂಗ ತಪ್ಪಿದರೆ ತನ್ನ ಕಾಲನ್ನೇ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ, ಊರೆಲ್ಲ ಕೇಳುವಂತೆ ಊಳಿಡುತ್ತದೆ. ಗೂಡಿನ ಲ್ಯಾಬ್ರಡಾರಿಗಿಂತ ಅಂಗಳದ ಕಾಳು ಎಷ್ಟೋ ಸುಖಿಯಾಗಿತ್ತು.

2022ರ ಜೂನ್ 10ರಂದು ತೆರೆಕಂಡ '777 ಚಾರ್ಲಿ' ಚಿತ್ರ ಕನ್ನಡಿಗರ ಮನೆಮನೆಗೆ ಈ ನಾಯಿಯ ಪರಿಚಯ ಮಾಡಿಸಿತು. ನಿರ್ದೇಶಕ ಕಿರಣ್‌ರಾಜ್ ಕೆ. ಕಾಸರಗೋಡಿನವರು, ನಾಯಕ ರಕ್ಷಿತ್ ಶೆಟ್ಟಿ ಉಡುಪಿಯವರು. ಕರಾವಳಿಗೆ ಅದು ತನ್ನದೇ ಚಿತ್ರವೆನಿಸಿದ್ದು ಸಹಜ. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ 2023ರಲ್ಲಿ ಅದಕ್ಕೆ ಘೋಷಿತವಾಯಿತು. ಹಣದಾಸೆಗೆ ನಾಯಿಗಳನ್ನು ಹೇಗೆಂದರೆ ಹಾಗೆ ಕೂಡಿಸಿ ಮರಿ ಮಾರುವವರ ಕ್ರೌರ್ಯವನ್ನು ಅದು ಎತ್ತಿ ತೋರಿಸಿತು. ನೋಡಿ ಕಣ್ಣೀರು ಸುರಿಸಿದವರಲ್ಲಿ ಕೆಲವರು ಮನೆಗೆ ಹಿಂದಿರುಗಿ ಹೇಳಿದ್ದು ಮಾತ್ರ, 'ನಮಗೂ ಅಂಥದೊಂದು ಮರಿ ಬೇಕು' ಎಂದು! ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು 2017ರ ಕೇಂದ್ರ ನಿಯಮಗಳು ವಿಧಿಸುತ್ತವೆ. ತಾಯಿಯ ಬಳಿ ಅಷ್ಟು ದಿನ ಇದ್ದ ಮರಿಗೂ, ಮೊದಲೇ ಕಿತ್ತು ತಂದ ಮರಿಗೂ ಇರುವ ವ್ಯತ್ಯಾಸ ಆಯುಷ್ಯವಿಡೀ ಉಳಿಯುತ್ತದೆ. ತಾಯಿಯನ್ನು ತೋರಿಸಲು ಒಪ್ಪದ ಮಾರಾಟಗಾರನ ಮನೆಯಿಂದ ಬರಿಗೈಯಲ್ಲಿ ಮರಳುವುದೇ ಲೇಸು.

ಮರಿ ತಂದವರು ಮಕ್ಕಳ ಮಾತಿಗೆ ತಂದಿರುತ್ತಾರೆ. ಲ್ಯಾಬ್ರಡಾರಿನ ಆಯುಷ್ಯ ಹತ್ತರಿಂದ ಹನ್ನೆರಡು ವರ್ಷ. ಎಂಟನೆಯ ತರಗತಿಯ ಹುಡುಗಿ ಹಟ ಹಿಡಿದು ತರಿಸಿದ ಮರಿ, ಆಕೆ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೋ, ಬಜಪೆಯಿಂದ ವಿಮಾನವೇರಿ ದುಬೈಗೋ ಹೋಗುವಾಗ ಮೂತಿಯಲ್ಲಿ ನರೆತು ನಿಂತಿರುತ್ತದೆ. ಪೆಟ್ಟಿಗೆ ಕಟ್ಟುವುದನ್ನು ನೋಡಿದೊಡನೆ ಅದಕ್ಕೆ ತಿಳಿಯುತ್ತದೆ; ತೆರೆದ ಪೆಟ್ಟಿಗೆಯೊಳಗೆ ಮಲಗಿಬಿಡುತ್ತದೆ. ಬಳಿಕ ಮನೆಯಲ್ಲಿ ಉಳಿಯುವವರು ಮೂವರು: ತಂದೆ, ತಾಯಿ, ನಾಯಿ. ರಾತ್ರಿ ದೂರವಾಣಿಯಲ್ಲಿ ಮಗಳ ದನಿ ಕೇಳಿದಾಗ ನಾಯಿ ಎದ್ದು ಗೇಟಿನವರೆಗೆ ಹೋಗಿ ನೋಡಿ ಬರುತ್ತದೆ. ಹಿರಿಯರಿಬ್ಬರಿಗೆ ಹಾಸಿಗೆಯಿಂದ ಏಳಲು ಒಂದು ಕಾರಣ, ಬೀದಿಯವರೊಡನೆ ಮಾತಾಡಲು ಒಂದು ನೆಪ, ಊಟದ ಹೊತ್ತಿನಲ್ಲಿ ಕಾದು ಕೂರುವ ಒಂದು ಜೀವ. ಮಂಗಳೂರಿನಲ್ಲಿ ಈ ತಳಿಯ ನಿಜವಾದ ಉದ್ಯೋಗ ಯಾವುದೆಂದು ಕೇಳಿದರೆ ಇದನ್ನೇ ಹೇಳಬೇಕು.

ಕಷ್ಟವೂ ಅಲ್ಲಿಯೇ ಇದೆ. ಎಪ್ಪತ್ತು ದಾಟಿದವರನ್ನು 30 ಕಿಲೋ ತೂಕದ ನಾಯಿ ಪಾಚಿ ಕಟ್ಟಿದ ಇಳಿಜಾರಿನಲ್ಲಿ ಬೆಕ್ಕಿನ ಹಿಂದೆ ಎಳೆದರೆ ಸೊಂಟ ಮುರಿಯುವುದು ನಾಯಿಯದಲ್ಲ. ಅವರು ಮಗಳ ಬಾಣಂತನಕ್ಕೆಂದು ಆರು ತಿಂಗಳು ವಿದೇಶಕ್ಕೆ ಹೊರಟರೆ ಅದನ್ನು ನೋಡಿಕೊಳ್ಳುವವರು ಯಾರು? ಮರಿ ತರುವ ದಿನ ಯಾರೂ ಈ ಪ್ರಶ್ನೆ ಕೇಳಿಕೊಂಡಿರುವುದಿಲ್ಲ. ನೆರೆಮನೆಯವರನ್ನೋ, ಪುತ್ತೂರಿನ ತೋಟದ ಬಂಧುಗಳನ್ನೋ ಮೊದಲೇ ನಾಯಿಗೆ ಬಳಕೆ ಮಾಡಿಸಿಟ್ಟವರ ಮನೆಗಳಲ್ಲಿ ಹೇಗೋ ನಡೆಯುತ್ತದೆ. ಉಳಿದವುಗಳಲ್ಲಿ ಕೆಲವು, ಕೊರಳಪಟ್ಟಿಯ ಸಮೇತ, ಪಣಂಬೂರಿನ ದಾರಿಯಲ್ಲಿ ಸಿಗುತ್ತವೆ. ಹಾದುಹೋಗುವ ಪ್ರತಿ ಕಾರಿನ ಹಿಂದೆ ಸ್ವಲ್ಪ ದೂರ ಓಡಿ ನಿಲ್ಲುತ್ತವೆ.

ಮುಪ್ಪಿನ ಲ್ಯಾಬ್ರಡಾರ್ ಕೇಳುವುದು ಬಹಳ ಕಡಿಮೆ. ಗಾರೆಯ ನೆಲದಲ್ಲಿ ಕಾಲು ಜಾರದಂತೆ ಒಂದು ಗೋಣಿತಾಟು, ಮೆಟ್ಟಿಲಿನ ಬದಲು ಒಂದು ಹಲಗೆ, ಕೀಲುನೋವಿಗೆ ವೈದ್ಯರು ಕೊಟ್ಟ ಗುಳಿಗೆಯನ್ನು ಅಡಗಿಸಿದ ಒಂದು ಚೂರು ಇಡ್ಲಿ. ಇಡ್ಲಿ ತಿಂದು ಗುಳಿಗೆಯನ್ನು ಉಗುಳುವ ವಿದ್ಯೆ ಮಾತ್ರ ಕೊನೆಯವರೆಗೂ ಮರೆಯುವುದಿಲ್ಲ. ಕಿವಿ ಮಂದವಾದರೂ ಮೀನಿನವನ ಹಾರನ್ನು ಕೇಳಿಸುತ್ತದೆ; ಗೇಟಿಗೆ ಹೋಗಲಾರದೆ ಮಲಗಿದಲ್ಲೇ ಬಾಲ ಬಡಿಯುತ್ತದೆ. ಹೋದ ಮೇಲೆ ಹಿತ್ತಿಲಿದ್ದವರು ತೆಂಗಿನ ಬುಡದಲ್ಲಿ ಮಣ್ಣು ಮಾಡುತ್ತಾರೆ. ವಸತಿ ಸಮುಚ್ಚಯದವರು ಬೈರಾಸಿನಲ್ಲಿ ಸುತ್ತಿ, ನೆಂಟರ ತೋಟಕ್ಕೆ ಕಾರಿನಲ್ಲಿ ಒಯ್ಯುತ್ತಾರೆ. ಊಟದ ತಟ್ಟೆಯನ್ನು ತೊಳೆದು ಕಪಾಟಿನಲ್ಲಿಟ್ಟು, ಇನ್ನು ನಾಯಿ ಬೇಡವೇ ಬೇಡ ಎನ್ನುತ್ತಾರೆ ಮನೆಯೊಡತಿ. ಆರು ತಿಂಗಳಿಗೆ ದುಬೈಯ ಮಗಳ ದೂರವಾಣಿ ಬರುತ್ತದೆ: "ಅಮ್ಮ, ಒಂದು ಮರಿ ತರುವುದಾ?" ಈ ಬಾರಿ ಪ್ರಶ್ನೆಗಳು ಮೊದಲೇ ಬರುತ್ತವೆ. ತಮಗೀಗ ವಯಸ್ಸೆಷ್ಟು, ಅದು ಹತ್ತು ವರ್ಷದ್ದಾಗುವಾಗ ಎಷ್ಟಾಗಬಹುದು, ಇಳಿಜಾರಿನಲ್ಲಿ ಹಗ್ಗ ಹಿಡಿಯುವವರು ಯಾರು ಎಂಬ ಲೆಕ್ಕವನ್ನು ನಿವೃತ್ತ ಬ್ಯಾಂಕ್ ಅಧಿಕಾರಿಗಳು ಕಾಗದದ ಮೇಲೆ ಹಾಕಿ ನೋಡುತ್ತಾರೆ. ಅಷ್ಟರಲ್ಲಿ ಮನೆಯೊಡತಿ ಕಪಾಟಿನಿಂದ ತಟ್ಟೆಯನ್ನು ತೆಗೆದು, ಬೀದಿಯಿಂದ ಗೇಟಿನೊಳಗೆ ನುಸುಳಿದ ಊರನಾಯಿಯ ಮರಿಯೊಂದಕ್ಕೆ ಗಂಜಿ ಬಡಿಸಿರುತ್ತಾರೆ.